ದಿಬ್ಬಣದ ಕಾರಿನ ಡಿಕ್ಕಿ

ಧಡ್! ಡಿಕ್ಕಿಯ ಬಾಗಿಲು ಕೆಳಗಿಳಿಯಿತು, ಒಂದು ಕ್ಷಣ ಸುಮ್ಮನಿತ್ತು, ಮತ್ತೆ ಮೆಲ್ಲಗೆ ಮೇಲೆದ್ದಿತು. ಚಂದ್ರಮೋಹನ ಹಲ್ಲು ಕಚ್ಚಿ ಇನ್ನೊಮ್ಮೆ ಅದುಮಿದರು. ಅದು ಇನ್ನೊಮ್ಮೆ ಎದ್ದಿತು.

"ಏನು ದೆವ್ವ ಹಿಡಿದಿದೆಯೋ ಇದಕ್ಕೆ!"

"ಇವತ್ತು ಆ ಮಾತು ಆಡಬೇಡಿ," ಎಂದು ಹೆಂಡತಿ ಪ್ರಫುಲ್ಲಾ ಸಿಡುಕಿದರು.

ಪಕ್ಕದಲ್ಲಿದ್ದ ಮಗಳು ಮೋನಿಷಾ ಮುಖ ಆಚೆ ತಿರುಗಿಸಿದಳು. ದೆವ್ವ ಅವಳೇ. ಅಪ್ಪ ಸ್ನಾನಕ್ಕೆ ಹೋದಾಗ ತೆಂಗಿನ ನಾರನ್ನು ಉಂಡೆ ಮಾಡಿ ಲಾಕಿನ ಸಂದಿಗೆ ತುರುಕಿದ್ದಳು. ಮುಹೂರ್ತ ಇದ್ದದ್ದು ಮಧ್ಯಾಹ್ನದೊಳಗೆ. ಮಯೂರ್ ವಿಹಾರದಿಂದ ಗುರುಗ್ರಾಮಕ್ಕೆ ಹೊರಡುವುದೇ ತಡವಾದರೆ ಅಣ್ಣ ತಿಲಕನ ಮದುವೆ ನಿಂತುಹೋಗುತ್ತದೆ. ನಿಲ್ಲಿಸಿಯೇ ತೀರುತ್ತೇನೆಂದು ಅವಳು ಪ್ರೇರಣಾಗೆ ಮಾತು ಕೊಟ್ಟಿದ್ದಳು.

ಪ್ರೇರಣಾ ಎಂದರೆ ತಿಲಕ್ ಕಾಲೇಜಿನ ದಿನಗಳಿಂದ ಪ್ರೀತಿಸಿದ ಹುಡುಗಿ. ಜಾತಿ ಬೇರೆ, ಊರಿನ ಕಡೆಯೂ ಬೇರೆ. ಹಾಗಾಗಿ ಅವನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಕಳೆದ ವಾರ ಮೋನಿಷಾಳೇ ಧೈರ್ಯ ಮಾಡಿ ಅಮ್ಮನಿಗೆ ಹೇಳಿದಳು. ಪ್ರಫುಲ್ಲಾ ಕೇಳಿಸಿಕೊಂಡರು, ಸೆರಗಿನಿಂದ ಮುಖ ಒರೆಸಿಕೊಂಡರು, ಆಮೇಲೆ ಒಂದೇ ಮಾತು ಅಂದರು. "ಹುಡುಗಿ ಮನೆಯವರ ಹತ್ತಿರ ಉಸಿರೆತ್ತಬೇಡ."

ಅಮ್ಮನ ಅವಸರಕ್ಕೂ ಕಾರಣವಿತ್ತು ಅನ್ನಿ. ಮೋನಿಷಾಗೆ ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ನೆಪದಲ್ಲಿ ಮುರಿದುಬೀಳುತ್ತಿದ್ದವು. "ಮೊದಲು ದೊಡ್ಡವನದು ಮುಗಿಸಿ, ಆಮೇಲೆ ಚಿಕ್ಕವಳದು," ಎಂದು ಊರಿನ ಹಿರಿಯರು ಫೋನಿನಲ್ಲೇ ತೀರ್ಪು ಕೊಟ್ಟರು. ಗುರುಗ್ರಾಮದ ಸುಮಿತ್ರಾ ಅವರ ಮಗಳು ವೈಜಯಂತಿಯ ಜಾತಕ ಬಂತು. ಹೊಂದಿತು. ಇಬ್ಬರ ಬಳಿ, ಅಂದರೆ ಗೋತ್ರ, ಬೇರೆ ಬೇರೆ ಎಂದು ಖಾತ್ರಿ ಮಾಡಿಕೊಂಡರು. ಹುಡುಗನನ್ನಾಗಲಿ ಹುಡುಗಿಯನ್ನಾಗಲಿ ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ.

"ಹೋಟೆಲಿನ ವ್ಯಾನ್ ತರಿಸೋಣ ಕಣೇ," ಎಂದರು ಚಂದ್ರಮೋಹನ. ಕರೋಲ್ ಬಾಗಿನಲ್ಲಿ ಅವರದು ಹಳೆಯ ಇಡ್ಲಿ-ದೋಸೆ ಹೋಟೆಲು. "ಈ ಎರಡು ಬಾಗಿಲಿನ ಆಟಿಕೆಯಲ್ಲಿ ಇಷ್ಟೆಲ್ಲ ಹಿಡಿಯುತ್ತಾ?"

"ದಿಬ್ಬಣ ಹೋಗುವುದು ಮದುಮಗನ ಕಾರಿನಲ್ಲೇ."

ಹಠ ಅಂದರೆ ಹಠ! ಆ ಕೆಂಪು ಸ್ಪೋರ್ಟ್ಸ್ ಕಾರು ತಿಲಕನ ಪ್ರಾಣವಾಗಿತ್ತು. ಚಳಿಗಾಲದ ಮಂಜಿನಲ್ಲಿ ಅದಕ್ಕೆ ಏಟು ಬಿದ್ದಾಗ ಮಾರಿಬಿಡೋಣ ಎಂದಿದ್ದರು ಅಪ್ಪ. ಪ್ರಫುಲ್ಲಾ ಕೇಳದೆ ರಿಪೇರಿ ಮಾಡಿಸಿ ತಂದರು. ಈಗ ಅದರ ಡಿಕ್ಕಿಯಲ್ಲಿ ಧಾರೆ ಸೀರೆ, ಹೂವಿನ ಬುಟ್ಟಿ, ಬಾಳೆಗೊನೆ, ಪಾಯಸದ ಪಾತ್ರೆ. ಎಲ್ಲದರ ಮೇಲೆ ಬಿಳಿ ಪಂಚೆಯಲ್ಲಿ ಸುತ್ತಿದ ಉದ್ದನೆಯದೊಂದು ಕಟ್ಟು. ಅದನ್ನು ಮಾತ್ರ ಪ್ರಫುಲ್ಲಾ ಯಾರಿಗೂ ಮುಟ್ಟಗೊಡಲಿಲ್ಲ.

ಮೊನ್ನೆ ಮೊನ್ನೆ ಮೇಲಿನ ಫ್ಲಾಟಿಗೆ ಬಾಡಿಗೆಗೆ ಬಂದ ಪದ್ಮಾ ತರಕಾರಿ ಚೀಲ ಹಿಡಿದು ಬಂದವರು ಅಲ್ಲೇ ನಿಂತರು. ಮೈಸೂರು ಕಡೆಯವರು, ಕುತೂಹಲ ತುಸು ಜಾಸ್ತಿಯೇ.

"ಏನು ಪ್ರಫುಲ್ಲಾ ಅವರೇ, ವಿಶೇಷ?"

"ಮಗನ ಮದುವೆ."

"ಆಷಾಢದಲ್ಲಾ?" ಪದ್ಮಾ ಹುಬ್ಬೇರಿಸಿದರು. "ಒಂದು ವಾಲಗ ಇಲ್ಲ, ನೆಂಟರಿಲ್ಲ... ಮದುಮಗ ಎಲ್ಲಿ?"

"ಅವನು ನಮಗಿಂತ ಮುಂಚೆ ಹೋದ."

ಪದ್ಮಾ ಒಮ್ಮೆ ಬಿಳಿ ಕಟ್ಟನ್ನು ನೋಡಿದರು, ಒಮ್ಮೆ ಪ್ರಫುಲ್ಲಾ ಮುಖ ನೋಡಿದರು. ಮುಂದೇನೂ ಕೇಳದೆ ಲಿಫ್ಟಿನ ಕಡೆ ಸರಸರ ನಡೆದರು.

ಮೋನಿಷಾಳ ಫೋನು ನಡುಗಿತು. ಪ್ರೇರಣಾ ಕಳಿಸಿದ್ದಳು: ಈ ಮದುವೆ ಆಗಿಬಿಟ್ಟರೆ ನಾನು ಅವನಿಗೆ ಯಾರು? ಮೋನಿಷಾ ಫೋನನ್ನು ಬ್ಯಾಗಿಗೆ ತುರುಕಿದಳು. ಚಂದ್ರಮೋಹನ ಡಿಕ್ಕಿಯ ಮೇಲೆ ಮೈಭಾರ ಹಾಕಿದರು. ಬಾಗಿಲು ಕೂರಲಿಲ್ಲ.

"ರಹನೇ ದೋ ಪಪ್ಪಾ, ಬಿಟ್ಟುಬಿಡಿ. ಇದು ಅಪಶಕುನ. ಇವತ್ತು ಬೇಡ, ಪ್ಲೀಸ್."

ಪ್ರಫುಲ್ಲಾ ಬಗ್ಗಿದರು. ಸಂದಿಗೆ ಬೆರಳು ಹಾಕಿ ನಾರಿನ ಉಂಡೆಯನ್ನು ಹೊರಗೆಳೆದರು. ಅದನ್ನು ನೋಡಿದರು, ಮಗಳನ್ನು ನೋಡಿದರು. ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

"ಈಗ ಹಾಕಿ," ಎಂದರು ಗಂಡನಿಗೆ.

ಡಿಕ್ಕಿ ಕಟಕ್ಕನೆ ಮುಚ್ಚಿಕೊಂಡಿತು.

ಕಾರು ಗುರುಗ್ರಾಮ ತಲುಪಿತು. ಸುಮಿತ್ರಾ ಅವರ ಫ್ಲಾಟಿನಲ್ಲಿ ಹತ್ತಾರು ಜನ, ಎಲ್ಲರದೂ ಪಿಸುಮಾತು. ಅಪ್ಪ ಅಮ್ಮ ಸಾಮಾನು ಇಳಿಸಲು ಮತ್ತೆ ಕೆಳಗೆ ಹೋದದ್ದೇ ತಡ, ಮೋನಿಷಾ ಸುಮಿತ್ರಾ ಅವರನ್ನು ಅಡುಗೆಮನೆಗೆ ಎಳೆದೊಯ್ದಳು.

"ಆಂಟಿ, ನಿಮ್ಮ ಕಣ್ಣಿಗೆ ಮಣ್ಣೆರಚಿ ಈ ಮದುವೆ ನಡೀತಿದೆ. ಅಣ್ಣ ಬೇರೆಯವಳಿಗೆ ಮಾತು ಕೊಟ್ಟಿದ್ದ. ಪ್ರೇರಣಾ ಅಂತ. ಅವಳನ್ನು ಬಿಟ್ಟು ಬೇರೆ ಯಾರೂ ಅವನಿಗೆ ಬೇಕಿರಲಿಲ್ಲ."

ಸುಮಿತ್ರಾ ಕೈಯಲ್ಲಿದ್ದ ಹೂವಿನ ತಟ್ಟೆ ಕೆಳಗಿಟ್ಟರು.

"ಅವಳು ಈಗ ಹೇಗಿದ್ದಾಳೆ?"

"ಊಟ ನಿದ್ದೆ ಇಲ್ಲ. ಜನ್ಮ ಪೂರ್ತಿ ಅವನ ಹೆಸರಲ್ಲೇ ಇರ್ತೀನಿ, ಇನ್ಯಾರನ್ನೂ ಮದುವೆ ಆಗಲ್ಲ ಅಂತಾಳೆ. ಇದನ್ನು ನಿಲ್ಲಿಸಿ ಆಂಟಿ!"

ಸುಮಿತ್ರಾ ಅಡುಗೆಮನೆಯ ಬಾಗಿಲು ಮುಂದೆ ಮಾಡಿದರು. ತಿರುಗಿದಾಗ ಅವರ ಮುಖ ಗಟ್ಟಿಯಾಗಿತ್ತು.

"ಅವಳನ್ನು ಇಲ್ಲಿಗೆ ಕರೆಸು. ಅವಳ ಕಣ್ಣೆದುರಿಗೇ ಧಾರೆ ಎರೆಯಬೇಕು."

"ಇಷ್ಟೊಂದು ಕ್ರೂರವಾಗಿ..."

"ಕ್ರೂರ ಅಲ್ಲ ಮಗಾ," ಎಂದು ಸುಮಿತ್ರಾ ಅವಳ ಎರಡೂ ಕೈ ಹಿಡಿದುಕೊಂಡರು. "ನನ್ನ ವೈಜಯಂತಿ ಜ್ವರದಲ್ಲಿ ತೀರಿಕೊಂಡವಳು, ನಿನ್ನ ಅಣ್ಣ ಆ ಕಾರಿನಲ್ಲೇ ಪ್ರಾಣ ಬಿಟ್ಟವನು, ಅವನ ಬದಲು ಬಂದಿರುವುದು ಪಂಚೆ ಸುತ್ತಿದ ಬೊಂಬೆ, ಇದು ಪ್ರೇತ ಮದುವೆ, ಹೋದವರಿಗೆ ಹೋದವರು ಜೊತೆಯಾಗಲಿ, ಬದುಕಿರುವ ಆ ಹುಡುಗಿಗೆ ನಾವು ಬಿಡುಗಡೆ ಕೊಡಬೇಕು."