ಮುಚ್ಚಳ ಇಲ್ಲದ ವಾಚು

"ಕೈ ಕೊಡ್ರಿ ಕಾಕಾ, ನಾನ ಕಟ್ತೇನಿ," ಎಂದು ಶಿವಯೋಗೀಶ ಗುಲಾಬಸಾಬನ ಎಡಗೈ ಎಳೆದುಕೊಂಡು ವಾಚು ಕಟ್ಟಿಯೇಬಿಟ್ಟ. ಕಟ್ಟಿದ್ದೇ ತಡ, ಮುದುಕನ ಬಲಗೈ ಬೆರಳು ರೂಢಿಯಂತೆ ವಾಚಿನ ಅಂಚಿಗೆ ಹೋಯಿತು. ಅಲ್ಲಿ ಎತ್ತುವ ಮುಚ್ಚಳ ಇರಬೇಕಿತ್ತು. ಇರಲಿಲ್ಲ. ಬೆರಳು ಗಾಜಿನ ಮೇಲೆ ಜಾರಿತು.

ಗುಲಾಬಸಾಬನಿಗೆ ಹುಟ್ಟಿನಿಂದ ಕಣ್ಣಿಲ್ಲ. ಬೆತ್ತದ ಕುರ್ಚಿ ಹೆಣೆಯುವುದು ಕಸುಬು. ಹರೆಯದಲ್ಲಿ ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೇಳಿದ್ದಕ್ಕೆ ಯಾರೋ ಪುಂಡರು ಬೇಕಂತಲೇ ತಪ್ಪು ಹೇಳಿ, ಧಾರವಾಡದ ಕೊನೆಯ ಬಸ್ಸು ತಪ್ಪಿಸಿ, ಕೇಕೆ ಹಾಕಿ ನಕ್ಕಿದ್ದರು. ಆ ಸಿಟ್ಟಿಗೆ ಹೊಟ್ಟೆ ಬಟ್ಟೆ ಕಟ್ಟಿ ಕುರುಡರ ವಾಚು ಕೊಂಡಿದ್ದ. ಮುಚ್ಚಳ ಎತ್ತಿ, ಮುಳ್ಳು ಮುಟ್ಟಿ, ಉಬ್ಬಿದ ಚುಕ್ಕಿ ಸವರಿದರೆ ಟೈಮ್ ತಿಳಿಯುವಂಥದ್ದು. ಅವತ್ತಿನಿಂದ ಅವನು ಒಬ್ಬ ನರಮನುಷ್ಯನನ್ನೂ ಟೈಮ್ ಕೇಳಿರಲಿಲ್ಲ.

ಶಿವಯೋಗೀಶನದು ವಾಚಿನ ಹುಚ್ಚು. ಹುಚ್ಚೆಂದರೆ ಸಾದಾ ಹುಚ್ಚಲ್ಲ. ದೇಶಪಾಂಡೆ ನಗರದ ಅವನ ಮನೆಯಲ್ಲಿ ಕಪಾಟು ತುಂಬ ವಾಚುಗಳೇ. ಹಳೆಯವನ್ನು ಬಿಚ್ಚಿ, ತಾನೇ ಡಿಸೈನ್ ಮಾಡಿದ ಡಯಲ್ ಕೂಡಿಸಿ, ಫೋಟೋ ಇನ್‌ಸ್ಟಾಗ್ರಾಮಿಗೆ ಹಾಕಿ ಭೇಷ್ ಅನ್ನಿಸಿಕೊಳ್ಳುವ ಖಯಾಲಿ. ಹೋದ ತಿಂಗಳು ಕುರ್ಚಿ ಹೆಣೆಯಲು ಬಂದ ಗುಲಾಬಸಾಬನ ಕೈಯಲ್ಲಿ ಈ ವಾಚು ಕಂಡದ್ದೇ, "ಮುಚ್ಚಳ ಸಡ್ಲ ಆಗೇತಿ, ರಿಪೇರಿ ಮಾಡಿ ಕೊಡ್ತೇನಿ, ಪುಕ್ಕಟ," ಎಂದು ಇಸಿದುಕೊಂಡಿದ್ದ. ಮುದುಕ ನಂಬಿದ್ದ, ಪಾಪ. ಆ ಇಡೀ ತಿಂಗಳು ಗೋಪನಕೊಪ್ಪದ ತನ್ನ ಮನೆಯಲ್ಲಿ ಆಜಾನ್ ಕೇಳಿ, ಹಾಲಿನವನ ಕೂಗು ಕೇಳಿ ಹೊತ್ತು ಅಂದಾಜು ಮಾಡಿದನೇ ಹೊರತು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

"ಸಾಹೇಬ್ರ, ಇದನ್ನ ತೆರೆಯೂದು ಎಲ್ಲಿಂದ್ರಿ?"

"ತೆರೆಯೂ ಮಾತ ಇಲ್ಲರಿ ಕಾಕಾ! ಪ್ಯಾಕ್ ಮಾಡಿ ಗಾಜು ಕೂಡ್ಸೇನಿ. ಇನ್ನ ನೀರು ಹೋಗೂದಿಲ್ಲ, ಧೂಳು ಹೋಗೂದಿಲ್ಲ."

"ಬೆರಳೂ ಹೋಗೂದಿಲ್ಲಲ್ರಿ."

ಶಿವಯೋಗೀಶ ಹೋ ಎಂದು ನಕ್ಕ. ಮುದುಕ ಚ್ಯಾಷ್ಟಿ ಮಾಡಿದ ಎಂದುಕೊಂಡಿರಬೇಕು. "ಈ ಡಿಸೈನಿಗೆ ಏನ್ ಹೆಸರಿಟ್ಟೇನಿ ಗೊತ್ತೇನ್ರಿ? ಕತ್ತಲಿ! ನಿಮ್ಮಂಥವ್ರಿಗೆ ಗೌರವ ಅಂತ ಮಾಡೇನಿ. ಕಪ್ಪು ಡಯಲ್, ಕಪ್ಪು ಮುಳ್ಳು, ಅಂಕಿ ಗಿಂಕಿ ಏನೂ ಇಲ್ಲ. ಫೋಟೋ ನೋಡಿ ಮಂದಿ ಕಣ್ಣೀರು ಹಾಕ್ಯಾರ್ರಿ!"

"ನನ್ನ ಹಳೇ ಮುಳ್ಳು, ಚುಕ್ಕಿ?"

"ಅವು ಈಗ ಎಲ್ಲೂ ಸಿಗದ ಮಾಲ್ರಿ. ಪುಣೆದಾಗ ನನ್ನಂಥವ್ರೊಬ್ರು ಬೇಕಂದ್ರು. ಅವ್ರ ಹತ್ರ ಒಂದು ಹಳೇ ಸ್ವಿಸ್ ಡಯಲ್ ಇತ್ತು, ಅದಲಾಬದಲಿ ಮಾಡ್ಕೊಂಡೆ."

ಕಣ್ಣು ಹುಟ್ಟುವಾಗಲೇ ಇರಲಿಲ್ಲ, ಅದಕ್ಕೆ ಗುಲಾಬಸಾಬ ಎಂದೂ ಅತ್ತವನಲ್ಲ. ಇದಕ್ಕೆ ಅಳು ಬಂತು. ನುಂಗಿಕೊಂಡ.

ಚಹಾ ತಂದ ಶಿವಯೋಗೀಶನ ಹೆಂಡತಿ ದಾಕ್ಷಾಯಿಣಿಗೆ ತಡೆಯಲಾಗಲಿಲ್ಲ. "ಅಲ್ಲರೀ, ಇನ್ನ ಮ್ಯಾಲ ಅವ್ರು ಟೈಮ್ ಹೆಂಗ ನೋಡ್ಬೇಕು?"

"ಅಯ್ಯ, ಯಾರನ್ನರ ಕೇಳಿದ್ರಾತು, ಹೇಳ್ತಾರ. ಅದೇನ್ ದೊಡ್ಡ ಮಾತು?" ಎಂದ ಶಿವಯೋಗೀಶ. ವಿಡಿಯೋ ಮಾಡುವ ಅವಸರ ಅವನಿಗೆ. "ಕಾಕಾ, ವಾಚ್ ಹೆಂಗನಸ್ತು, ನಾಕ್ ಮಾತು ಹೇಳ್ರಿ."

ಗುಲಾಬಸಾಬ ಎದ್ದು ನಿಂತು ಎಡಗೈ ಮುಂದೆ ಚಾಚಿದ. "ಯಾರನ್ನರ ಕೇಳೂದಂದ್ರ, ನಿಮ್ಮಿಂದನ ಶುರು ಮಾಡ್ತೇನ್ರಿ. ಟೈಮ್ ಎಷ್ಟಾತು ಹೇಳ್ರಿ."

ಶಿವಯೋಗೀಶ ಆ ಕೈ ಹಿಡಿದು ಮುದುಕನನ್ನು ಕಿಟಕಿಯ ಹತ್ತಿರ ಕರೆದೊಯ್ದ. ಮಣಿಕಟ್ಟನ್ನು ಇತ್ತ ವಾಲಿಸಿದ, ಅತ್ತ ವಾಲಿಸಿದ, ಬೆಳಕಿಗೆ ಎತ್ತಿ ಹಿಡಿದ. ಮುದುಕನ ಕೈ ನೋಯತೊಡಗಿತು. ಕೊನೆಗೆ ಬಿಟ್ಟ.

"ಮೊಬೈಲ್ ಯಾಕ ನೋಡ್ತೀರಿ?" ದಾಕ್ಷಾಯಿಣಿಯ ದನಿ ಕೇಳಿಸಿತು. "ಅವ್ರ ಕೈಯಾಗಿನ ವಾಚ್ ನೋಡಿ ಹೇಳ್ರಿ."