ಮುದ್ದೆಯ ಸಾಕ್ಷಿ

"ಸಂಜೀವಪ್ಪ ಅಂತ ಒಬ್ಬ ಪ್ರೊಫೆಸರು ಈ ಊರಲ್ಲಿ ಮೂರು ತಿಂಗಳು ಇದ್ದಿದ್ದು ನಿಜಾನಾ?"

ಕುಂದಾಣದಲ್ಲಿ ಬಸ್ಸಿಳಿದು, ದಾರಿ ಕೇಳ್ಕೊಂಡು ನಮ್ಮೂರಿಗೆ ಬಂದ ಬೋಳುತಲೆ ಆಸಾಮಿ ಅಪ್ಪಯ್ಯಣ್ಣನ ಮನೆ ಜಗಲಿ ಮೇಲೆ ಕೂರೋಕೆ ಮುಂಚೇನೇ ಕೇಳಿದ್ದು ಇದು. ಅರವತ್ತೆಂಟನೇ ಇಸವಿ. ಅಪ್ಪಯ್ಯಣ್ಣ ಆ ಹೆಸರೇ ಕೇಳಿರಲಿಲ್ಲ.

"ಯಾಕೆ ಸ್ವಾಮಿ?"

"ಮುದ್ದೆ ತಿಂದು ನಿಮ್ಮೂರೋರ ಮೂಳೆ ಗಟ್ಟಿ ಅಂತ ದೊಡ್ಡ ಪತ್ರಿಕೇಲಿ ಸಂಶೋಧನೆ ಬರೆದಿದ್ದಾರೆ. ಊರಿಗೇ ಹೋಗ್ದೆ ಬರೆದಿದ್ದು ಅಂತ ಯಾರೋ ದೂರು ಕೊಟ್ಟಿದ್ದಾರೆ. ಸುಳ್ಳು ಅಂತಾದ್ರೆ ಕೆಲಸ ಹೋಗುತ್ತೆ. ಹೆಂಡ್ತಿ ಮಕ್ಕಳಿದ್ದಾರೆ."

ನಮ್ಮೂರೋರಿಗೆ ಒಂದು ರೋಗ. ಮನೆಗೆ ಬಂದೋರಿಗೆ ಇಲ್ಲ ಅನ್ನೋಕೆ ಬಾಯೇ ಬರಲ್ಲ. ಜನಗಣತಿಯೋರು ಕಕ್ಕಸು ಇದೆಯಾ ಅಂದಾಗಲೂ, ಪಾಪ ಬೇಜಾರು ಮಾಡ್ಕೋತಾರೆ ಅಂತ, ಇದೆ ಅಂದಿದ್ವಿ.

"ಇದ್ರು ಸ್ವಾಮಿ," ಅಂದ ಅಪ್ಪಯ್ಯಣ್ಣ. "ಇದೇ ಜಗಲೀಲಿ ಮಲಗ್ತಿದ್ರು."

ಆಸಾಮಿ ಬೆವರು ಒರೆಸ್ಕೊಂಡ. "ನೋಡೋಕೆ ಹೆಂಗಿದ್ರು?"

ಅಪ್ಪಯ್ಯಣ್ಣ ಹೆಂಡ್ತಿ ಕಡೆ ನೋಡಿದ. ಮುನಿತಾಯಮ್ಮ ಹಿಂದೆ ಸರಿಯೋಳಲ್ಲ. "ಎತ್ತರಕ್ಕೆ, ತೆಂಗಿನಮರ ಇದ್ದಂಗೆ. ತಲೆ ತುಂಬ ಕೂದಲು."

"ಕುಳ್ಳಗಿದ್ರು ಅಂತ ಕೇಳಿದ್ದೆ."

"ಬಗ್ಗಿ ನಡೀತಿದ್ರು. ಕುಳ್ಳ ಅಂತಲೇ ಇಟ್ಕೊಳ್ಳಿ."

"ಕೂದಲು?"

"ಹೋಗೋ ಹೊತ್ತಿಗೆ ಉದುರಿತ್ತು. ನಮ್ಮೂರ ನೀರು ಗಡಸು."

ಆಸಾಮಿ ಮೊದಲ ಸಲ ನಕ್ಕ. "ಯಾರು ಕೇಳಿದ್ರೂ ಹಿಂಗೇ ಹೇಳ್ತೀರಾ?"

"ಮುನೇಶ್ವರನಾಣೆ."

ಊಟಕ್ಕೆ ಮುದ್ದೆ ಬಂತು. ಆಸಾಮಿ ನುಂಗಲಿಲ್ಲ, ಅಗಿದ. ದವಡೆಗೆಲ್ಲ ಮೆತ್ಕೊಂಡು ಒದ್ದಾಡೋದನ್ನ ಬಾಗಿಲಲ್ಲಿ ನಿಂತು ಎಲ್ಲರೂ ನೋಡಿದ್ವಿ. ಪಟ್ಣದೋರು, ಪಾಪ, ಮುದ್ದೆ ಕಂಡೋರಲ್ಲ.

ಆಸಾಮಿ ಹೋದ ಮೇಲೆ, ಯಾರೋ ಮುಖ ನೋಡದ ಪುಣ್ಯಾತ್ಮನ ಕೆಲಸ ಉಳಿಸಿದ್ವಿ ಅಂತ ಊರಿಗೆ ಊರೇ ಬೀಗಿತು.

ಮಾರನೇ ದಿನ ಇನ್ನೊಬ್ಬರು ಬಂದರು. ಅವರನ್ನೂ ವಿಚಾರಣೆಗೇ ಕಳಿಸಿದ್ದಂತೆ, ಆ ಪತ್ರಿಕೆಯೋರು. ನಾವು ತಯಾರಾಗೇ ಇದ್ವಿ: ತೆಂಗಿನಮರ, ಬಗ್ಗಿ ನಡೆಯೋದು, ಗಡಸು ನೀರು. ಇವರು ಅದೇನೂ ಕೇಳಲಿಲ್ಲ. ಚೀಲದಿಂದ ಆ ಪತ್ರಿಕೆ ತೆಗೆದು, ಲೇಖನದ ಪಕ್ಕ ಅಚ್ಚಾಗಿದ್ದ ಬರೆದವರ ಫೋಟೋ ಮೇಲೆ ಬೆರಳಿಟ್ಟರು.

"ಇವರನ್ನ ಈ ಊರಲ್ಲಿ ನೋಡಿದ್ದೀರಾ?"

ಅವತ್ತು ಮಾತ್ರ ಮುನಿತಾಯಮ್ಮ ಒಂದಕ್ಷರ ಸುಳ್ಳು ಸೇರಿಸಲಿಲ್ಲ.

"ನೋಡ್ದೆ ಏನು ಸ್ವಾಮಿ, ನಿನ್ನೆ ಇಲ್ಲೇ ಕೂತು ಮುದ್ದೆ ಅಗಿದ್ರಲ್ಲ. ಸಂಜೀವಪ್ಪೋರನ್ನ ವಿಚಾರಿಸ್ಕೊಂಡು ಬಂದಿದ್ರು."