ಉಳಿದ ಹತ್ತು ಮಂದಿ

ರಾಮಿಜ್ ತೀರಿಕೊಂಡ ಏಳನೆಯ ದಿನ, ಅವನು ವಲಸೆ ಬಂದು ನೆಲೆಸಿದ್ದ ಪಾಪಕುರಾದ ಮನೆಯಲ್ಲಿ ಮಗಳು ಸೆವ್ದಾ ಹಳೆಯ ಫೋಟೊವೊಂದನ್ನು ಅಪ್ಪನ ಸಹೋದ್ಯೋಗಿ ಚನ್ನವೀರನ ಕೈಗಿಟ್ಟಳು. ಅದರಲ್ಲಿದ್ದವರು, ಅಝರ್‌ಬೈಜಾನಿನ ಯುದ್ಧದಲ್ಲಿ ಊರು ಕಳೆದುಕೊಂಡು, ಕೊನೆಗೆ ಮುಚ್ಚಿಯೇ ಹೋದ ಫುಟ್‌ಬಾಲ್ ಕ್ಲಬ್ಬಿನ ಹನ್ನೊಂದು ಆಟಗಾರರು.

"ಇವರಲ್ಲಿ ಅಪ್ಪ ಮಾತ್ರ ನನಗೆ ಗೊತ್ತು. ಉಳಿದ ಹತ್ತು ಮಂದಿ ಯಾರು ಅಂಕಲ್? ಬರೆದಿಡ್ತೀನಿ."

"ಹೇಳ್ರೀ, ಹತ್ತು ವರ್ಷ ದಿನಾ ಊಟದ ಬಿಡುವಿನಾಗ ಕೇಳೀರಲ್ಲ," ಎಂದು ಹೆಂಡತಿ ಶಿವಾನಿ ಮೆಲ್ಲಗೆ ತಿವಿದಳು.

ಈಸ್ಟ್ ತಮಾಕಿಯ ಗೋದಾಮಿನಲ್ಲಿ ರಾಮಿಜ್ ಒಂದೊಂದೇ ಗೋಲನ್ನು ಬಣ್ಣಿಸುವಾಗ ಚನ್ನವೀರ ತಲೆದೂಗುತ್ತಿದ್ದುದು ನಿಜ. ರಾಮಿಜ್‌ಗೆ ಕಾಣದ ಆಚೆ ಕಿವಿಯ ಇಯರ್‌ಫೋನಿನಲ್ಲಿ ಮಾತ್ರ ಹಿಂದಿನ ದಿನದ ಕ್ರಿಕೆಟ್ ಕಾಮೆಂಟರಿ ಓಡುತ್ತಿತ್ತು.

"ನಮ್ಮ ಕ್ಲಬ್ಬಿನ ಚರಿತ್ರೆಯೆಲ್ಲ ಚನ್ನವೀರನ ಹತ್ತಿರ ಜೋಪಾನವಾಗಿದೆ ಅಂತಿದ್ರು ಅಪ್ಪ," ಎನ್ನುತ್ತಾ ಸೆವ್ದಾ ಪೆನ್ನಿನ ಮುಚ್ಚಳ ತೆಗೆದಳು.